ನೀರಿಗೆ ಬಿದ್ದ ಶೆಡ್ಡು

ಉಬ್ಬರದ ಗೆರೆಯನ್ನು ತೀರದಲ್ಲಿ ನಡೆದೇ ಗುರುತಿಸಬೇಕು. ನನ್ನ ತರಬೇತಿಯ ನಿಯಮ ಇದೊಂದೇ. ಕೋಡಿಯ ಕಡಲತೀರಕ್ಕೆ ತರಬೇತಿಗೆಂದು ಬಂದಿದ್ದ ಎಂಜಿನಿಯರುಗಳು, ಜೀವವಿಜ್ಞಾನಿಗಳು, ಒಬ್ಬ ವಕೀಲರು, ಎಲ್ಲರೂ ನೆರಳಲ್ಲಿ ಗೋಳಿಬಜೆ ತಿನ್ನುತ್ತ ಉಪಗ್ರಹ ಚಿತ್ರದ ಮೇಲೆ ಬೆರಳಾಡಿಸಿ ಗೆರೆ ಎಳೆದಿದ್ದರು. ಸಂಜೆ ಆ ನಕ್ಷೆ ಪಂಚಾಯತಿಗೆ ಹೋಗಬೇಕು; ಗೆರೆಯಿಂದ ಕಡಲ ಕಡೆಗೆ ಬಿದ್ದ ಕಟ್ಟಡಗಳನ್ನು ತೆಗೆಸಬಹುದು.

ಪಕ್ಕದಲ್ಲೇ ಮೀನು ಒಣಗಿಸುತ್ತಿದ್ದ ಗುಲಾಬಿ ಎಂಬವರು ಅವರ ಲ್ಯಾಪ್‌ಟಾಪಿಗೆ ಇಣುಕಿದರು. "ಹ್ವಾಯ್, ನಮ್ ಶೆಡ್ಡ್ ಎಂತಕ್ಕೆ ನೀರೊಳ್ಗಿತ್ತ್? ನಾಳೆ ಕಿತ್ತ್ ಹಾಕುಕಾ?"

"ಸ್ವಲ್ಪ ಹೆಚ್ಚುಕಮ್ಮಿ ಆಗ್ತದಮ್ಮ," ಎಂದರು ಒಬ್ಬ ಎಂಜಿನಿಯರು.

"ಹಂಗಾರೆ ನಿಮ್ ಮನಿ ನೀರಿಗ್ ಹಾಕಿ, ಕಾಂಬ!"

ಗೆರೆ ಅಳಿಸಿ, ತೀರದಲ್ಲಿ ನಡೆದು ಬನ್ನಿ ಎಂದೆ. "ಬಿಸಿಲು ಸರ್, ಈ ಗೆರೆಯನ್ನೇ ವೋಟಿಗೆ ಹಾಕುವಾ," ಎಂದರು. ಕಡಲು ಬಹುಮತಕ್ಕೆ ತಲೆಬಾಗುತ್ತದೆಂಬಂತೆ ಕೈಗಳೆದ್ದವು. ವಕೀಲರು ಮಾತ್ರ ಎತ್ತಲಿಲ್ಲ. ಉಳಿದ ಗೋಳಿಬಜೆ ಬಾಯಿಗೆ ಹಾಕಿಕೊಂಡು, ಹೊಳೆಯುವ ಬೂಟು ಬಿಚ್ಚಿ ಗುಲಾಬಿಯ ಮೀನಿನ ಪಕ್ಕ ಬಿಸಿಲಿಗಿಟ್ಟು, ಜಿಪಿಎಸ್ ಹಿಡಿದು ಸುಡುವ ಮರಳಿಗಿಳಿದರು.