ಒಂದು ಲೋಟಕ್ಕೆ ಒಂದೇ ಜೇಡ

ಬೆಳಗಿನ ಐದೂವರೆ. ತರಕಾರಿ ಸಸಿ ಬೆಳೆಸುವ ನರ್ಸರಿಯ ಪ್ಯಾಕಿಂಗ್ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಸ್ಟೂಲ್ ಹತ್ತಿ ನಿಂತು, ಗೋಡೆಯ ಮೂಲೆಗೆ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಅದರ ಬಾಯಿಗೆ ಬೀಜದ ಪೊಟ್ಟಣದ ರಟ್ಟನ್ನು ಮೆಲ್ಲಗೆ ತೂರಿಸುತ್ತಿದ್ದಾರೆ. "ಬಾರಪ್ಪ, ಇಲ್ಲಿ ನಿನಗೇನು ಸಿಗುತ್ತೆ? ಊಟ ಇರೋ ಕಡೆ ಬಿಡ್ತೀನಿ" ಎಂದು ಲೋಟಕ್ಕೆ ಹೇಳುತ್ತಾರೆ. ಇಳಿಯುವಾಗ ಮೊಣಕಾಲು ಕಟಕ್ ಅನ್ನುತ್ತದೆ. ಲೋಟವನ್ನು ಎದೆಗೆ ಹಿಡಿದು ಅಂಗಳ ದಾಟಿ, ಸರಿಯಾಗಿ ಅರವತ್ತು ಹೆಜ್ಜೆ ನಡೆದು, ಮೂರನೇ ಗಾಜಿನಮನೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗುತ್ತಾರೆ. ಟೊಮೆಟೊ ಸಸಿಗಳ ಸಾಲಿನ ಮಧ್ಯೆ ರಟ್ಟು ಸರಿಯುತ್ತದೆ. ಎಂಟು ಕಾಲಿನ ಕೂಲಿ ಒಂದು ಕ್ಷಣ ಅನುಮಾನಿಸಿ, ಎಲೆಯ ಕೆಳಗೆ ಮಾಯವಾಗುತ್ತದೆ.

ಮತ್ತೆ ವಾಪಸ್. ಇನ್ನೊಂದು ಜೇಡ, ಇನ್ನೊಂದು ಅರವತ್ತು ಹೆಜ್ಜೆ. ದಿನಕ್ಕೆ ಮೂವತ್ತು, ಕೆಲವು ದಿನ ನಲವತ್ತು. ಒಂದೇ ಸಲ ನಾಲ್ಕೈದು ಒಯ್ಯಬಾರದೇ ಎಂದು ಕೇಳಿದರೆ ನಗುತ್ತಾರೆ. "ಎರಡನ್ನ ಒಂದೇ ಲೋಟಕ್ಕೆ ಹಾಕಿದ್ರೆ ಅಲ್ಲಿಗೆ ಹೋಗೋ ಹೊತ್ತಿಗೆ ಒಂದೇ ಇರುತ್ತೆ. ಅದರ ಹೊಟ್ಟೆಯೂ ತುಂಬಿರುತ್ತೆ, ಕೆಲಸಾನೂ ಮಾಡಲ್ಲ."

ಇವರನ್ನು ನರ್ಸರಿಯಲ್ಲಿ ಎಲ್ಲರೂ ಕರೆಯುವುದು ಜೇಡಮ್ಮ ಎಂದೇ. ಏಳು ಗಂಟೆಗೆ ಬರುವ ಪ್ಯಾಕಿಂಗ್ ಹುಡುಗಿಯರಿಗಂತೂ ಇವರನ್ನು ರೇಗಿಸದೆ ದಿನ ಶುರುವಾಗುವುದಿಲ್ಲ. "ಜೇಡಮ್ಮಾ, ನಿಮ್ಮ ನೆಂಟರೊಬ್ಬರು ನನ್ನ ಊಟದ ಡಬ್ಬಿ ಮೇಲೆ ಕೂತಿದಾರೆ, ಬಂದು ಕರ್ಕೊಂಡು ಹೋಗಿ" ಎಂದು ಒಬ್ಬಳು ಕೂಗುತ್ತಾಳೆ. "ನಿನ್ನ ಅಡುಗೆ ವಾಸನೆ ನೋಡಿ ಅದಕ್ಕೂ ಭಯ ಆಗಿರಬೇಕು, ತಾನೇ ಎದ್ದು ಹೋಗುತ್ತೆ ಬಿಡು" ಎನ್ನುತ್ತಲೇ ಇವರು ಲೋಟ ಹಿಡಿದು ಹೊರಡುತ್ತಾರೆ. ಮನೆಯಲ್ಲಿ ಸೊಸೆಯದೂ ಅದೇ ರಾಗ: "ನಮ್ಮತ್ತೆ ಜೇಡಕ್ಕೆ ಕೊಡೋ ಮರ್ಯಾದೇಲಿ ಕಾಲುಭಾಗ ನನಗೆ ಕೊಟ್ಟಿದ್ರೆ ನಾನು ಈ ಮನೇಲಿ ಮಹಾರಾಣಿ."

ಗೋಡೆಯಲ್ಲಿ ಬಲೆ ಕಂಡರೆ ಪ್ಯಾಕಿಂಗ್ ನೋಡಲು ಬರುವವರು ಮೂಗು ಮುರಿಯುತ್ತಾರೆ. ಆದ್ದರಿಂದ ಅಲ್ಲಿಂದ ಜೇಡ ತೆಗೆಯಲೇಬೇಕು. ತೆಗೆದದ್ದನ್ನು ಸಾಯಿಸದೆ, ಸಸಿಗಳಿರುವ ಕಡೆ ಕೆಲಸಕ್ಕೆ ಹಚ್ಚುವುದು ಜೇಡಮ್ಮನದೇ ಪದ್ಧತಿ. ಸಸಿಯ ಒಂದು ಎಲೆಯನ್ನೂ ಜೇಡ ಮುಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ಎಲೆಯ ರಸ ಹೀರುವ ಹೇನು, ಬಿಳಿನೊಣ, ಮೊಟ್ಟೆ ಇಡಲು ಬರುವ ಪತಂಗ. ಕೆಲವು ಬಲೆ ಕಟ್ಟಿ ಕಾಯುತ್ತವೆ, ಕೆಲವು ಬಲೆಯ ತಂಟೆಯೇ ಬೇಡವೆಂದು ಮಣ್ಣಿನ ಮೇಲೆ ಓಡಾಡಿ ಬೇಟೆಯಾಡುತ್ತವೆ. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ ಕೋಟಿಗಟ್ಟಲೆ ಟನ್ ಹುಳ ತಿಂದು ಮುಗಿಸುತ್ತವೆ ಎಂದು ತಿಳಿದವರು ಅಂದಾಜು ಮಾಡಿದ್ದಾರೆ. ಆ ಜೇಡಗಳನ್ನೇ ನಂಬಿ ಎಷ್ಟೋ ಹಕ್ಕಿಗಳು ಮರಿ ಸಾಕುತ್ತವೆ. ಜೇಡಮ್ಮನಿಗೆ ಇಷ್ಟು ದೊಡ್ಡ ಲೆಕ್ಕ ಬೇಕಿಲ್ಲ. "ಜೇಡ ಒಂದೇ ಎಲ್ಲಾ ಕಾಪಾಡುತ್ತೆ ಅಂತ ನಾನು ಹೇಳಲ್ಲ. ಈ ಮೂರನೇ ಗಾಜಿನಮನೆಗೆ ಹೋದ ವರ್ಷ ಔಷಧಿ ಹೊಡೆದಿದ್ದು ಎರಡೇ ಸಲ. ಪಕ್ಕದ ಗಾಜಿನಮನೆಗೆ ಹದಿನಾಲ್ಕು ಸಲ. ಅಷ್ಟು ಹೇಳ್ತೀನಿ."

ಕಚ್ಚುವುದಿಲ್ಲವೇ? "ಎರಡು ಸಲ ಕಚ್ಚಿದೆ. ಎರಡೂ ಸಲ ತಪ್ಪು ನಂದೇ, ಅವಸರದಲ್ಲಿ ಬೆರಳಿಂದ ಒತ್ತಿಬಿಟ್ಟಿದ್ದೆ. ಇರುವೆ ಕಚ್ಚಿದಷ್ಟು ಉರೀತು. ಎಲ್ಲಾ ಜಾತಿ ಒಂದೇ ತರ ಇರಲ್ಲ, ಅದಕ್ಕೇ ಬರೀ ಕೈ ಹಾಕಲ್ಲ, ಲೋಟ ಇಟ್ಕೊಂಡಿದೀನಿ."

ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತಾರೆಂದು ಮ್ಯಾನೇಜರ್ ಹೇಳಿದ ದಿನವೇ ಇವರು ಒಂದು ಷರತ್ತು ಹಾಕಿದ್ದರು. "ಈ ಕೆಲಸ ನನ್ನದಲ್ಲ. ಇದನ್ನ ಹೇಳಿಕೊಟ್ಟೋರ ಅನ್ನ ಕಿತ್ಕೊಂಡೋಳು ನಾನು. ಅದನ್ನ ಬರೆಯೋದಾದ್ರೆ ಬರೀರಿ. ಇಲ್ಲಾಂದ್ರೆ ನನ್ನ ಫೋಟೋನೂ ಬೇಡ, ಕಥೇನೂ ಬೇಡ."

ಮೂವತ್ತೊಂದನೇ ವಯಸ್ಸಿಗೆ ಇವರು ಇಲ್ಲಿಗೆ ಬಂದದ್ದು ಬಲೆ ಹೊಡೆಯುವ ಕೆಲಸಕ್ಕೆ. ಕೈಗೆ ಉದ್ದ ಕೋಲಿನ ಪೊರಕೆ. ಇವರು ಗುಡಿಸಿದ ಗಾಜಿನಮನೆಗಳಲ್ಲಿ ಒಂದು ಎಳೆಯೂ ಉಳಿಯುತ್ತಿರಲಿಲ್ಲ. "ನನ್ನಷ್ಟು ಚೊಕ್ಕ ಮಾಡೋರು ಇಲ್ಲ ಅಂತ ಕೊಬ್ಬು ನನಗೆ" ಎಂದು ತಾವೇ ಹೇಳಿಕೊಳ್ಳುತ್ತಾರೆ. ಪೊರಕೆಗೆ ಅಡ್ಡ ನಿಲ್ಲುತ್ತಿದ್ದವರು ಒಬ್ಬರೇ, ಮೂರನೇ ಗಾಜಿನಮನೆಯ ಸಸಿ ನೋಡಿಕೊಳ್ಳುತ್ತಿದ್ದ ತಾತ. ತಾತ ಅಂದರೆ ತೀರಾ ತಾತನೇನಲ್ಲ, ಆಗಿನ್ನೂ ಐವತ್ತೂ ಆಗಿರಲಿಲ್ಲ. ನಲವತ್ತಕ್ಕೇ ತಲೆ ಬೆಳ್ಳಗಾಗಿ ಆ ಹೆಸರು ಅಂಟಿಕೊಂಡಿತ್ತು. "ಅದು ಕಸ ಅಲ್ಲ ಕಣಮ್ಮ, ಕೆಲಸದಾಳು. ಇಲ್ಲಿ ನಿಂತ್ಕೊಂಡು ನೋಡು, ತೋರಿಸ್ತೀನಿ" ಎಂದು ಅವರು ಕರೆದಾಗಲೆಲ್ಲ ಇವರು ಪೊರಕೆ ಆಡಿಸುತ್ತಲೇ "ಆಯ್ತು ತಾತ, ಆಯ್ತು" ಎನ್ನುತ್ತ ಆ ಮನೆಯನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು.

ನಾಲ್ಕನೇ ವರ್ಷ ಒಂದು ದಿನ ಮಾಲೀಕರು ಬಂದವರು ಮೂರನೇ ಮನೆಯಲ್ಲಿ ತಲೆಗೆ ಬಲೆ ಸಿಕ್ಕಿಸಿಕೊಂಡು ಸಿಡುಕಿದರು. ತಪ್ಪು ತನ್ನ ತಲೆಗೆ ಬರುತ್ತದೆಂದು ಇವರಿಗೆ ಹೆದರಿಕೆ. "ತಾತಂಗೆ ಈಗ ಕೈಲಾಗಲ್ಲ ಯಜಮಾನ್ರೇ. ಅದನ್ನ ಮುಚ್ಚಿಡೋಕೆ ಜೇಡದ ಕಥೆ ಹೇಳ್ತಾರೆ" ಅಂದುಬಿಟ್ಟರು. ಒಂದೇ ಮಾತು. ವಾರದೊಳಗೆ ತಾತನನ್ನು ಇನ್ನು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದು ಕಳಿಸಿದರು. ಯಾರು ಏನು ಹೇಳಿದರೆಂದು ಅವರಿಗೆ ಯಾರೂ ತಿಳಿಸಲಿಲ್ಲ. ಮೂರನೇ ಮನೆಯ ಉಸ್ತುವಾರಿ ಇವರಿಗೇ ಬಂತು.

ಇವರು ಅದನ್ನು ಮೂಲೆಮೂಲೆಯೂ ಬಿಡದೆ ಗುಡಿಸಿದರು. ಮುಂದಿನ ಹಂಗಾಮಿಗೆ ಬಿಳಿನೊಣ ಬಂತು. ಸಸಿ ಅಲುಗಿಸಿದರೆ ಹಿಟ್ಟು ಹಾರಿದ ಹಾಗೆ ಏಳುತ್ತಿತ್ತು. ವಾರಕ್ಕೆ ಮೂರು ಸಲ ಔಷಧಿ ಹೊಡೆದರು. ಕೆಲಸದವರ ಗಂಟಲು ಕಟ್ಟಿತು, ಹೊರಗಿನ ಹೂಗಳಿಗೆ ಬರುತ್ತಿದ್ದ ಜೇನೂ ಕಾಣೆಯಾಯಿತು, ನೊಣ ಮಾತ್ರ ಕದಲಲಿಲ್ಲ. ನಾನೂರು ಟ್ರೇ ಸಸಿಗಳನ್ನು ಇವರೇ ಹೊತ್ತು ಗುಂಡಿಗೆ ಸುರಿದರು. ಕೈ ತೊಳೆಯಲು ಪಂಪಿನ ಕೋಣೆಗೆ ಹೋದಾಗ, ಪೊರಕೆ ಎಟುಕದ ಎತ್ತರದಲ್ಲಿ ಉಳಿದುಹೋಗಿದ್ದ ಒಂದೇ ಒಂದು ಬಲೆ ಕಂಡಿತು.

"ಜರಡಿಯಲ್ಲಿ ಹಿಟ್ಟು ನಿಂತ ಹಾಗೆ ಅದರ ತುಂಬಾ ಬಿಳಿನೊಣ. ಮಧ್ಯದಲ್ಲಿ ಇಷ್ಟೇ ಇಷ್ಟು ಜೇಡ, ತಿಂದು ತಿಂದು ಸಾಕಾಗಿ ಕೂತಿತ್ತು. ತಾತ ನಿಂತ್ಕೊಂಡು ನೋಡು ಅಂದಿದ್ದು ಅವತ್ತು ನೋಡಿದೆ. ತೋರಿಸೋಕೆ ಅವರಿರಲಿಲ್ಲ."

ಪೊರಕೆ ಮೂಲೆ ಸೇರಿ ಲೋಟ ಕೈಗೆ ಬಂದದ್ದು ಆಮೇಲೆ. ಜೇಡಗಳು ಮೂರನೇ ಮನೆಯಲ್ಲಿ ಮತ್ತೆ ನೆಲೆಯೂರಲು ಎರಡು ವರ್ಷ ಹಿಡಿಯಿತು. ತಾತನ ಮನೆ ಎರಡು ಬೀದಿಯಾಚೆ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದಾರೆ, ಕುಶಲ ವಿಚಾರಿಸಿದ್ದಾರೆ, ಸಸಿ ಕೊಟ್ಟು ಬಂದಿದ್ದಾರೆ. ಆ ಒಂದು ಮಾತು ಮಾತ್ರ ಇಪ್ಪತ್ತಮೂರು ವರ್ಷ ಬಾಯಿಗೆ ಬರಲಿಲ್ಲ. ಪತ್ರಿಕೆಯಲ್ಲಿ ಬರುತ್ತದೆ ಎಂದಾದ ಮೇಲೆ ಬೇರೆ ದಾರಿ ಉಳಿದಿಲ್ಲ. "ಅವರು ಇದನ್ನ ಓದಿ ತಿಳ್ಕೋಬಾರದು. ನನ್ನ ಬಾಯಿಂದಲೇ ಕೇಳಬೇಕು."

ಗುರುವಾರ ಮಧ್ಯಾಹ್ನ ಹೋಗುತ್ತಾರೆ. ಮಹಡಿಯ ಒಂಟಿ ಕೋಣೆ, ಕಿಟಕಿ ಪಕ್ಕ ಮಂಚ, ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿರುವ ಎಪ್ಪತ್ತೈದರ ತಾತ. ಜೇಡಮ್ಮ ಕೂರುವುದಿಲ್ಲ. ಬಾಗಿಲ ಹತ್ತಿರವೇ ನಿಂತು ಅವತ್ತು ಹೇಳಿದ್ದನ್ನು ಅಕ್ಷರ ಬಿಡದೆ ಹೇಳುತ್ತಾರೆ.

ತಾತನ ಬೆರಳು ನಿಲ್ಲುತ್ತದೆ. "ಕೈಲಾಗಲ್ಲ ಅಂದ್ಯಾ?"

"ಅಂದೆ ತಾತ."

"ನನಗೆ ವಯಸ್ಸಾಯ್ತು ಅಂತ ಕಳಿಸಿದ್ರು ಅಂದ್ಕೊಂಡಿದ್ದೆ." ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. "ಐವತ್ತೆರಡಕ್ಕೇ ಮುದುಕ ಆದೆ ಅಂದ್ಕೊಂಡು ಕೂತ್ಬಿಟ್ಟೆ ಕಣಮ್ಮ. ಇನ್ನೊಂದು ಕಡೆ ಕೆಲಸ ಕೇಳೋಕೂ ಹೋಗ್ಲಿಲ್ಲ. ಕರೆದೋರಿಗೂ ಆಗಲ್ಲ ಅಂದೆ."

"ಒಂದು ಸಲ ಬನ್ನಿ ತಾತ. ಮೂರನೇ ಮನೆ ನೀವು ಬಿಟ್ಟಾಗ ಹೇಗಿತ್ತೋ ಹಾಗೇ ಮಾಡಿಟ್ಟಿದೀನಿ. ಆಟೋ ತರಿಸ್ತೀನಿ."

"ಬೇಡಮ್ಮ." ಸಿಟ್ಟಿಲ್ಲ, ಸಮಾಧಾನವೂ ಇಲ್ಲ. ಬಟಾಣಿ ಮತ್ತೆ ಬಟ್ಟಲಿಗೆ ಬೀಳತೊಡಗುತ್ತದೆ. "ಪೇಪರ್‌ನೋರು ಬರೀತಾರೆ ಅಂದ್ಯಲ್ಲ. ಕೈಲಾಗ್ತಿತ್ತು ಅಂತ ಬರೆಸು."

ಅವರಿಗೆ ಕೈಲಾಗುತ್ತಿತ್ತು. ಮೂರನೇ ಮನೆಯಲ್ಲಿ ಹನ್ನೊಂದು ವರ್ಷ, ಔಷಧಿ ಡಬ್ಬಿಯನ್ನು ಹೆಚ್ಚು ಮುಟ್ಟದೆ, ಆರೋಗ್ಯದ ಸಸಿ ಬೆಳೆಸಿ ಕೊಟ್ಟವರು ಅವರು.

ಶುಕ್ರವಾರ ಬೆಳಗ್ಗೆ ಜೇಡಮ್ಮ ಎಂದಿನಂತೆ ಕೆಲಸದಲ್ಲಿದ್ದಾರೆ. ರಾತ್ರಿ ನಿದ್ದೆ ಮಾಡಿಲ್ಲವೆಂದು ಕಣ್ಣೇ ಹೇಳುತ್ತದೆ. ಹೇಳಿದ ಮೇಲೆ ಮನಸ್ಸು ಹಗುರ ಆಯಿತೇ ಎಂದರೆ ತಲೆಯಾಡಿಸುತ್ತಾರೆ. "ಇಲ್ಲ. ನಾನು ಇಳಿಸಿ ಬಂದ ಭಾರ ಈಗ ಅವರ ಹತ್ರ ಇದೆ. ಮೊದಲ ವರ್ಷವೇ ಹೇಳಿದ್ದಿದ್ರೆ ಇನ್ನೊಂದು ನರ್ಸರಿಗಾದ್ರೂ ಹೋಗ್ತಿದ್ರು."

ಇವರು ಕೆಲಸ ಬಿಡಲು ಇನ್ನು ಎರಡು ತಿಂಗಳಿದೆ. ಜಾಗಕ್ಕೆ ಹೊಸಬಳೊಬ್ಬಳು ಬರುತ್ತಾಳೆ. ಅವಳಿಂದ ಏನು ಬಯಸುತ್ತೀರಿ ಎಂದಾಗ, ಸ್ಟೂಲಿನ ಮೇಲೆ ಒಂದು ಕಾಲಿಟ್ಟವರು ಅದನ್ನು ಕೆಳಗಿಳಿಸುತ್ತಾರೆ.

"ಜೇಡ ಕಂಡ್ರೆ ಅವಳಿಗೆ ಅಸಹ್ಯ ಆಗ್ಲಿ, ಪರವಾಗಿಲ್ಲ. ನಾನು ಹೇಳಿದ್ದನ್ನ ನಂಬದಿದ್ರೂ ಪರವಾಗಿಲ್ಲ. ನಾನು ಮಾತು ಮುಗಿಸೋವರೆಗೆ ಕೈಯಲ್ಲಿರೋ ಪೊರಕೆ ಕೆಳಗಿಟ್ಟು ನಿಂತ್ಕೊಂಡ್ರೆ ಸಾಕು. ನಾನು ಅಷ್ಟೂ ಮಾಡಲಿಲ್ಲ."