ಅಣ್ಣನ ಖಾತೆ ತೆಗೆಸಿದ್ದು

ನಮ್ಮಣ್ಣ ಭಂಕೂರ ಕಡೆ ನೆಲಕ್ಕ ಹಾಸೋ ಫರಸಿ ಕಲ್ಲಿನ ಖಣಿಗೆ ಕೆಲಸಕ್ಕ ಹೋಗ್ತಿದ್ದ. ಒಂದಿನ ಮುಂಜಾನಿ ರೊಟ್ಟಿ ಕಟಗೊಂಡು ಹೋದಂವ ಸಂಜಿಗೆ ಹೆಣ ಆಗಿ ಸಿಕ್ಕ. ಕೆಲಸದ ಖಣಿಯಾಗ ಅಲ್ಲ, ಅದರ ಬಾಜೂಕ್ಕ ಬಂದ್ ಬಿದ್ದಿರೋ ಹಳೇ ಖಣಿ ನೀರಾಗ. ತಲಿ ಒಡೆದಿತ್ತು. ಹೆಂಗಾಯ್ತು ನಾ ನೋಡಿಲ್ಲ. ನೋಡಿದವ್ರು ಹೇಳಲಿಲ್ಲ.

ಮಣ್ಣು ಕೊಟ್ಟು ಬಂದೆವು. ಸತ್ತವ್ರ ಅರಿವಿ, ಹಾಸಿಗಿ ಮನ್ಯಾಗ ಇಡಬಾರ್ದು ಅಂತ ನಮ್ಮ ಮಂದಿ ಪದ್ಧತಿ. ಅಣ್ಣನ ಹೆಂಡ್ತಿ ನನಗ ವೈನಿ. ಚಿಂಚೋಳಿಂದ ಆಕಿ ಅಪ್ಪ ಬಂದಿದ್ರು, ನಾ ಮಾವ ಅಂತೀನಿ. ಅವ್ರೇ ಎಲ್ಲಾ ಗಂಟು ಕಟ್ಟಿ ಹೊಳಿಗೆ ಬಿಟ್ಟು ಬಂದ್ರು. ಬಂದು ನನ್ನ ಫೋನ್ ನೋಡಿದ್ರು. ಅದರಾಗ ಅಣ್ಣ ನಗಲಿಕತ್ತಿದ್ದ.

ಅದು ಖಣಿ ಗುತ್ತೇದಾರ ಮಾಡಿಸಿದ ವೆಬ್‌ಸೈಟ್, ಗಿರಾಕಿಗೆ ಕಲ್ಲು ತೋರ್ಸ್ಲಾಕ. ಆಮ್ಯಾಲ ವಾಡಿ ಊರಿನ ಕಂಪ್ಯೂಟರ್ ಅಂಗಡಿಯಂವ ಅದಕ್ಕ ಇನ್ನೊಂದು ಜೋಡಿಸಿದ: ಆಳಿಗೊಂದು ಖಾತೆ, ಫೋಟೊ, ಗ್ರೂಪು, ಲೈಕು, ಕಾಮೆಂಟು. ಅಂವ ಮಾಡಿದ್ದಲ್ಲ ಅದು. ಯಾವುದೋ ಕಂಪನಿ ರೆಡಿ ಮಾಡಿ ಬಾಡಿಗಿ ಕೊಡ್ತದ, ನಾವು ಹಾಕಿದ್ದೆಲ್ಲಾ ಆ ಕಂಪನಿ ಕಂಪ್ಯೂಟರಿನ್ಯಾಗ ಇರ್ತದ. ಬಾಡಿಗಿ ಗುತ್ತೇದಾರ ಕಟ್ತಾನ. ಆಳು ದಿನಾ ಖಣಿಗೆ ಇಳಿದ ಕೂಡ್ಲೆ ಅಲ್ಲಿ ಫೋಟೊ ಹಾಕಬೇಕು, ಅದೇ ಹಾಜರಿ.

"ಅರಿವಿ ಹೊಳಿಗೆ ಬಿಟ್ಟೀವಿ, ಇದ್ಯಾಕ ಇಟ್ಟೀರಿ? ತೆಗಸ್ರಿ," ಅಂದ್ರು ಮಾವ. ಅವ್ವನೂ ಹೂಂ ಅಂದ್ಳು. ವೈನಿ ಗ್ವಾಡಿಗೆ ತಲಿ ಕೊಟ್ಟು ಕುಂತಿದ್ಳು.

ಮಾವನ ಜೋಡಿ ವಾಡಿಗೆ ಹೋದೆ.

"ಪೂರಾ ತೆಗಿಲೇನ್ರಿ ಕಾಕಾ?" ಅಂದ ಅಂಗಡಿಯಂವ.

"ಪೂರಾ ತೆಗಿಯಪಾ. ಸತ್ತಂವ ಹಂಗ ಹಲ್ಲು ಕಿಸ್ಕೊಂಡು ಕುಂದ್ರಬಾರ್ದು."

ಒತ್ತಿದ. ಹೋಯ್ತು.

ಠಾಣ್ಯಾಗಿನ ಕಾಗದ ಆಮ್ಯಾಲ ಕೈಗೆ ಬಂತು. ಕುಡಿದು ಹಳೇ ಖಣಿಗೆ ಬಿದ್ದು ಸತ್ತಾನ ಅಂತ ಬರೆದಿದ್ರು. ಅವತ್ತ ಅಂವ ಕೆಲಸಕ್ಕ ಬಂದೇ ಇಲ್ಲ ಅಂತ ಗುತ್ತೇದಾರ ಹೇಳಿದ್ದ. ಕೊರಳಾಗ ಲಿಂಗ ಕಟಗೊಂಡ ಮನಿ ನಮ್ದು. ಅಣ್ಣ ಸೆರೆ ಮುಟ್ಟಿದಂವ ಅಲ್ಲ.

ಕಾಗದ ಓದಿದ್ದು ಕೇಳಿ ವೈನಿ ಎದ್ದು ನಿಂತ್ಳು. "ಅವತ್ತ ಮುಂಜಾನಿ ಫೋಟೊ ಹಾಕಿದ್ರಲ್ಲ ತಮ್ಮಾ. ನಾನೇ ನೋಡೀನಿ. ಹಿಂದ ಗುತ್ತೇದಾರನ ಟ್ರ್ಯಾಕ್ಟರ್ ನಿಂತಿತ್ತು. ಅದನ್ನ ತೋರಿಸ್ರಿ. ನಮ್ಮ ಮನಿಯವ್ರಿಗೆ ಕುಡುಕ ಅಂತ ಬರೆಯೋದು ಬ್ಯಾಡ."

ನಾನೂ ಮಾವನೂ ಮತ್ತ ವಾಡಿಗೆ ಹೋದೆವು. ಅಂಗಡಿಯಂವ ಹುಡುಕಿದ. ಖಾತೆ ತೆಗೆದ್ರ ಆ ಮನಷ್ಯಾ ಹಾಕಿದ್ದೆಲ್ಲಾ ಅದರ ಜೋಡಿ ಹೋಗ್ತದಂತ. ಫೋಟೊ, ತಾರೀಖು, ಕೆಳಗಿನ ಕಾಮೆಂಟು ಸುದ್ದಾ. ಕಂಪನಿಗೆ ಬರೆದು ಕೇಳಿದ. ಇಂಗ್ಲಿಷ್‌ನ್ಯಾಗ ಜವಾಬು ಬಂತು.

"ಅಳಿಸಿದ್ದು ವಾಪಸ್ ಬರಂಗಿಲ್ಲ ಅಂತಾರ," ಅಂದ.

"ಅವತ್ತೇ ಹೇಳ್ಲಿಕ್ಕೆ ಏನಾಗಿತ್ತಲೇ?" ಅಂದೆ ನಾ.

"ಕಾಕಾ ಪೂರಾ ಅಂದ್ರು. ನಾ ಪೂರಾ ತೆಗೆದೆ."

ಮಾವ ಅಂಗಡಿ ಮೆಟ್ಟಲ ಮ್ಯಾಲ ಕುಂತುಬಿಟ್ರು. ಬಸ್ ಬಂದ್ರೂ ಏಳವಲ್ರು.

ಆ ಫೋಟೊಕ್ಕ ಲೈಕ್ ಒತ್ತಿದವ್ರು ಭಾಳ ಮಂದಿ ಇದ್ರು. ಅಣ್ಣನ ಜೋಡಿ ಒಂದೇ ಬುತ್ತಿ ಉಣ್ತಿದ್ದಂವನೂ ಒತ್ತಿದ್ದ. ಅವನ ಮನಿಗೆ ಹೋದೆ.

"ನೀ ನೋಡಿದಿ ಹೌದಿಲ್ಲೋ?"

"ನಾ ದಿನಾ ಎಲ್ಲಾರಿಗೂ ಒತ್ತತೀನಿ. ಯಾವುದು ಯಾವತ್ತಿಂದು ನನಗೇನ್ ಗೊತ್ತು?"

"ಅವತ್ತ ಬುತ್ತಿ ಯಾರ ಜೋಡಿ ಉಂಡಿ?"

ಅಂವ "ನಾಳೆ ನನಗ ಕೆಲಸ ಬ್ಯಾಡೇನೋ?" ಅಂತ ಬಾಗಲ ಹಾಕ್ಕೊಂಡ.

ಆ ವೆಬ್‌ಸೈಟಿನ್ಯಾಗ ಯಾರ್ ಬೇಕಾದ್ರೂ ಖಾತೆ ಮಾಡಬಹುದು. ವೈನಿ ತನ್ನ ಹೆಸರಿಲೆ ಒಂದು ಮಾಡು ಅಂದ್ಳು. ಮಾಡಿದೆ. ಆಕಿ ಹೇಳಿದ್ಳು, ನಾ ಬರೆದು ಹಾಕಿದೆ: "ನಮ್ಮ ಮನಿಯವ್ರು ಕುಡಿತಿದ್ದಿಲ್ಲ, ಅವತ್ತ ಕೆಲಸಕ್ಕ ಬಂದಿದ್ರು, ನೋಡಿದವ್ರು ಹೇಳ್ರಿ." ಯಾರೂ ಹೇಳಲಿಲ್ಲ. ಮರದಿನ ಅದನ್ನೂ ತೆಗೆದ್ರು, ಆಕಿ ಖಾತೆನೂ ತೆಗೆದ್ರು. ಬಾಡಿಗಿ ಕಟ್ಟಾಂವ ಗುತ್ತೇದಾರ, ಅವನ ಮರ್ಜಿ.

"ಇನ್ನೊಂದು ಮಾಡು," ಅಂದ್ಳು ವೈನಿ.

ಮಾಡಾಕತ್ತೀನಿ. ನನ್ನ ಹೆಸರಿಂದು ತೆಗೆದಾರ, ಅವ್ವನ ಹೆಸರಿಂದೂ ತೆಗೆದಾರ. ಮಾವ ಚಿಂಚೋಳಿಂದ ಫೋನ್ ಮಾಡಿದ್ರು, ಈ ಸಲ ನನ್ನ ಹೆಸರು ಹಾಕು ಅಂದ್ರು.