ನಾಲ್ಕು ಹದಿನೈದರ ಗಂಟೆ

ಸ್ಟೇಷನ್ನಿಗೆ ನೂರು ವರ್ಷ ತುಂಬಿದಾಗ ಅದರ ಇತಿಹಾಸದ ಒಂದು ಪುಸ್ತಕ ತರುವುದೆಂದು ತೀರ್ಮಾನವಾಯಿತು. ಬರೆಯುವ ಕೆಲಸ ಪಾರ್ಸೆಲ್ ಗುಮಾಸ್ತರ ತಲೆಗೆ ಬಿತ್ತು. ಎಣ್ಣೆ ದೀಪ ಹೋಗಿ ವಿದ್ಯುತ್ ಬಂದದ್ದು ಯಾವ ವರ್ಷ, ಎರಡನೇ ಪ್ಲಾಟ್‌ಫಾರ್ಮ್ ಎಷ್ಟು ಅಡಿ ಉದ್ದ ಎಂದು ಅವರು ಗುರುತು ಹಾಕಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ, ಹೆಂಗಸರ ವೇಟಿಂಗ್ ರೂಮಿನ ಆಯಾ ಬಂದು ಬಾಗಿಲಲ್ಲಿ ನಿಂತರು.

ಇಪ್ಪತ್ತೊಂದು ವರ್ಷದಿಂದ ಆ ಕೋಣೆ ಅವರದು. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ಬೆಂಚಿನ ಮೇಲೆ ಮಲಗಿದವರ ಗಾಡಿ ಎಷ್ಟಕ್ಕೆಂದು ಕೇಳಿ ನೆನಪಿಟ್ಟುಕೊಂಡು, ಹತ್ತು ನಿಮಿಷ ಮೊದಲೇ ಎಬ್ಬಿಸುತ್ತಿದ್ದರು. ಪೋರ್ಟರುಗಳಿಗೆ ಅದೊಂದು ತಮಾಷೆ. "ನೋಡ್ರಪ್ಪಾ, ಕುಂಭಕರ್ಣನ ಹೆಂಡ್ತಿ ಊರನ್ನೆಲ್ಲಾ ಎಬ್ಬಿಸ್ತಾಳೆ!"

"ಸಾರ್, ಆ ಅಪಘಾತಾನೂ ಬರೀತೀರಾ?" ಎಂದು ಕೇಳಿದರು ಆಯಾ.

"ಬರೀಲೇಬೇಕಲ್ಲಕ್ಕಾ."

"ನಿದ್ದೆ ಅಂತ ಮಾತ್ರ ಹಾಕ್ಬೇಡಿ. ನಮ್ಮೆಜಮಾನ್ರು ಎಚ್ಚರವಾಗಿದ್ರು. ಈ ಪುಸ್ತಕ ನನ್ನ ಮಗಳು ಓದ್ತಾಳೆ."

ಮೂವತ್ತೊಂದು ವರ್ಷದ ಹಿಂದಿನ ಮಾತು. ಆಗ ಗಾಡಿ ಒಳಗೆ ಬರಲೆಂದು ಸಿಗ್ನಲ್ ಇಳಿಸುತ್ತಿದ್ದುದು ಸ್ಟೇಷನ್ ಕಡೆಯಿಂದ, ಹಳಿ ತಿರುಗಿಸುತ್ತಿದ್ದುದು ತುದಿಯ ಕ್ಯಾಬಿನ್ನಿನಿಂದ. ಒಂದನ್ನು ಮರೆತರೆ ಇನ್ನೊಂದನ್ನು ತಡೆಯುವ ಬೀಗ ಇರಲಿಲ್ಲ. ಅವತ್ತು ಸಿಗ್ನಲ್ ಇಳಿಯಿತು, ಹಳಿ ತಿರುಗಲಿಲ್ಲ. ಸಂಜೆಯ ಪ್ಯಾಸೆಂಜರ್ ಗಾಡಿ ಪಕ್ಕದ ಹಳಿಗೆ ನುಗ್ಗಿ ಕಲ್ಲು ತುಂಬಿ ನಿಂತಿದ್ದ ವ್ಯಾಗನ್ನುಗಳಿಗೆ ಬಡಿಯಿತು. ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು ಸತ್ತ. ಹಳಿ ತಿರುಗಿಸಬೇಕಾಗಿದ್ದ ಪಾಯಿಂಟ್ಸ್‌ಮನ್ ಈ ಆಯಾಳ ಗಂಡ. "ನಾಲ್ಕು ಗಂಟೆಗೇ ನಿದ್ದೆ ಹತ್ತಿತು" ಎಂದು ವಿಚಾರಣೆಯಲ್ಲಿ ಅವನೇ ಹೇಳಿ ಹೆಬ್ಬೆಟ್ಟಲ್ಲ, ನೆಟ್ಟಗೆ ಸಹಿ ಹಾಕಿದ್ದ. ಆಮೇಲೆ ಹತ್ತು ವರ್ಷ ಬೋಗಿ ತೊಳೆದು ತೀರಿಕೊಂಡ. ಅವನ ಸಾವಿನಿಂದ ಹೆಂಡತಿಗೆ ಈ ಕೆಲಸ ಸಿಕ್ಕಿತು.

ಮಗಳು ಶಾಲೆಯಲ್ಲಿ ಕೂತರೆ ಹಿಂದಿನ ಬೆಂಚಿನಿಂದ ಗೊರಕೆಯ ಸದ್ದು ಬರುತ್ತಿತ್ತು. ಐದನೇ ತರಗತಿಯ ನಂತರ ಅವಳು ಅಪ್ಪನ ಜೊತೆ ಬೀದಿಯಲ್ಲಿ ನಡೆಯಲಿಲ್ಲ. ಈಗ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ಅಪ್ಪನ ಫೋಟೋ ಇಲ್ಲ.

"ಅವ್ರೇ ಒಪ್ಕೊಂಡಿರೋದನ್ನ ನಾನು ಹೆಂಗೆ ತಿದ್ಲಿ ಅಕ್ಕಾ?" ಎಂದರು ಗುಮಾಸ್ತರು. ಆದರೆ ಮಾತು ತಲೆಯಲ್ಲಿ ಕೊರೆಯಿತು. ದಾಖಲೆ ಕೋಣೆಯಲ್ಲಿ ಎರಡು ದಿನ ಧೂಳು ಕುಡಿದು ಕ್ಯಾಬಿನ್ನಿನ ಗಂಟೆ ಪುಸ್ತಕ ಹುಡುಕಿದರು. ಹಿಂದಿನ ಸ್ಟೇಷನ್ನಿನಿಂದ ಗಾಡಿ ಹೊರಟಿತೆಂದು ಗಂಟೆ ಬಾರಿಸಿದಾಗಲೆಲ್ಲ ಹೊತ್ತು ನೋಡಿ ಬರೆಯುವ ಪುಸ್ತಕ ಅದು. ಆ ದಿನದ ಪುಟದಲ್ಲಿ, ಅವನದೇ ಅಕ್ಷರದಲ್ಲಿ, ನಾಲ್ಕು ಹದಿನೈದು ಎಂದಿತ್ತು. ಗಾಡಿ ಬಡಿದದ್ದು ನಾಲ್ಕು ಇಪ್ಪತ್ತೊಂದಕ್ಕೆ. ನಿದ್ದೆಯಲ್ಲಿ ಯಾರೂ ಗಡಿಯಾರ ನೋಡಿ ಬರೆಯುವುದಿಲ್ಲ.

"ಹಂಗಾದ್ರೆ ಆ ಆರು ನಿಮಿಷ ಎಲ್ಲಿದ್ರು?" ಎಂದು ಆಯಾಳನ್ನು ಕರೆಸಿ ಕೇಳಿದರು.

ಆಯಾ ಪಾರ್ಸೆಲ್ ತೂಗುವ ಯಂತ್ರದ ಕಟ್ಟೆಯ ಅಂಚಿನ ಮೇಲೆ ಕೂತರು. ಮುಳ್ಳು ಸ್ವಲ್ಪ ಅಲುಗಿ ನಿಂತಿತು.

"ಕ್ಯಾಬಿನ್ ಕೆಳಗೆ, ನನ್ನ ಹತ್ರ. ಮಗೂಗೆ ಜ್ವರ ನೆತ್ತಿಗೇರಿ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕೊಂಡಿತ್ತು. ಕೂಗಿದೆ. ಇಳಿದು ಬಂದು ಎತ್ಕೊಂಡ್ರು. ಅಷ್ಟರಲ್ಲಿ ಸದ್ದು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆಮೇಲೆ ಅಂದ್ರು, 'ತನ್ನಿಂದ ಒಬ್ಬ ಸತ್ತ ಅಂತ ಮಗಳು ಜೀವಮಾನವೆಲ್ಲಾ ಹೊತ್ಕೊಂಡು ತಿರುಗೋದು ಬೇಡ. ನಿದ್ದೆ ಅಂದ್ರೆ ತಪ್ಪು ನನ್ನಲ್ಲೇ ಮುಗಿಯುತ್ತೆ.' ಆಣೆ ಹಾಕಿಸ್ಕೊಂಡ್ರು ಸಾರ್. ಜ್ವರದ ಮಾತು ಬರೀಬೇಡಿ. ಎಚ್ಚರವಾಗಿದ್ರು, ಅಷ್ಟೇ ಸಾಕು."

ಗುಮಾಸ್ತರು ಬರೆದರು: 'ಅಪಘಾತಕ್ಕೆ ಆರು ನಿಮಿಷ ಮೊದಲು ಪಾಯಿಂಟ್ಸ್‌ಮನ್ ಎಚ್ಚರವಾಗಿದ್ದುದಕ್ಕೆ ಗಂಟೆ ಪುಸ್ತಕದಲ್ಲಿ ದಾಖಲೆಯಿದೆ.' ಆಯಾ ಅದನ್ನು ಎರಡು ಸಲ ಓದಿಸಿ ಕೇಳಿದರು.

ಮೇಲಧಿಕಾರಿ ಕರಡು ಓದಿ ಆ ಪುಟಕ್ಕೆ ಅಡ್ಡಗೆರೆ ಎಳೆದರು. "ಶುಭ ಸಮಾರಂಭದ ಪುಸ್ತಕದಲ್ಲಿ ಸಾವು ಯಾಕ್ರೀ? ಅಪಘಾತಾನೇ ಬೇಡ." ಗುಮಾಸ್ತರು ಗಂಟೆ ಪುಸ್ತಕ ತೋರಿಸಿದರು. "ಇಟ್ಕೊಳ್ರಿ ನೀವೇ" ಎಂದರು ಅವರು.

ಪುಸ್ತಕ ಬಂದ ದಿನ ಮಗಳು ಡ್ಯೂಟಿ ಮುಗಿಸಿ ನೇರ ವೇಟಿಂಗ್ ರೂಮಿಗೆ ಬಂದಳು. ನಿಂತಲ್ಲೇ ಪುಟಗಳನ್ನು ಒಮ್ಮೆ ಮಗುಚಿದಳು, ಮತ್ತೊಮ್ಮೆ ಬೆರಳಿಟ್ಟು ನಿಧಾನವಾಗಿ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು ನಕ್ಕಳು.

"ಸದ್ಯ! ಅಪ್ಪನ ಸುದ್ದೀನೇ ಇಲ್ಲ. ವಾರದಿಂದ ಎದೆ ಡವಡವ ಅಂತಿತ್ತು ಕಣಮ್ಮಾ."

"ಅವ್ರು ಎಚ್ಚರವಾಗಿದ್ರು ಕಣೇ."

"ಶುರುವಾಯ್ತಾ ನಿಂದು?" ಮಗಳು ಅಮ್ಮನ ಕೈ ಹಿಡಿದುಕೊಂಡಳು, ಸಿಟ್ಟಿರಲಿಲ್ಲ. "ಎಚ್ಚರವಾಗಿದ್ದೋರು ಹಳಿ ಯಾಕೆ ತಿರುಗಿಸ್ಲಿಲ್ಲ? ಅದೊಂದು ಹೇಳು, ನಂಬ್ತೀನಿ."

ಅಮ್ಮ ಮಗಳ ಮುಖವನ್ನೇ ನೋಡಿದರು. ಅವಳ ನೆತ್ತಿಯ ಮೇಲೆ ಕೈಯಿಟ್ಟರು.

"ಗೊತ್ತಿಲ್ಲ ಕಣೇ" ಎಂದರು.